ಬೊಕ್ಕಸದ ಮುಡಿಪು

ಫೆಬ್ರವರಿ ಬಂತೆಂದರೆ ಕೇಂದ್ರ ಬಜೆಟ್‌ನಲ್ಲಿ ನಾವು ಹುಡುಕುವುದೇನನ್ನು? ತೆರಿಗೆ ಇಳಿಯಿತೇ, ಯಾವುದರ ಬೆಲೆ ಏರಿತು, ನಮ್ಮೂರಿಗೆ ರೈಲು ಬಂತೇ? ಸಹಜವಾದ ಪ್ರಶ್ನೆಗಳೇ. ಆದರೆ ಮಳೆ ತನ್ನ ಕಾಲವನ್ನು ಮರೆಯುತ್ತಿರುವ ಈ ದಿನಗಳಲ್ಲಿ, ಇನ್ನೂ ಹುಟ್ಟದವರಿಗಾಗಿ ಎಷ್ಟು ತೆಗೆದಿಟ್ಟೆವು ಎಂದು ಕೇಳಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ?

2010ರ ಬಜೆಟ್ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿ, ಅದನ್ನು ಶುದ್ಧ ಇಂಧನದ ನಿಧಿಗೆಂದು ಮೀಸಲಿಟ್ಟಿತು. ಹೊಗೆಯ ಮೂಲವೇ ಹೊಗೆಯಿಲ್ಲದ ನಾಳೆಗೆ ಕಾಣಿಕೆ ಸಲ್ಲಿಸಬೇಕೆಂಬ ಆ ಏರ್ಪಾಟಿನಲ್ಲಿ ಒಂದು ಧರ್ಮವಿತ್ತು. 2016ರ ಹೊತ್ತಿಗೆ 400 ರೂಪಾಯಿಗೆ ಏರಿದ್ದ ಆ ಸೆಸ್, ಮರುವರ್ಷ ಜಿಎಸ್‌ಟಿ ಬಂದಾಗ ರಾಜ್ಯಗಳ ತೆರಿಗೆ ನಷ್ಟ ತುಂಬುವ ಬಾಬತ್ತಿಗೆ ತಿರುಗಿತು. ರಾಜ್ಯಗಳಿಗೆ ಕೊಟ್ಟ ಮಾತೂ ಮಾತೇ, ಅದನ್ನು ಉಳಿಸಿಕೊಳ್ಳಲೇಬೇಕಿತ್ತು. ಆದರೂ, ದೇವರಿಗೆಂದು ಕಟ್ಟಿಟ್ಟ ಮುಡಿಪನ್ನು ಮನೆಯ ತುರ್ತಿಗೆ ಬಿಚ್ಚಿದರೆ ಹರಕೆಯ ಗತಿಯೇನು?

ಹವಾಮಾನಕ್ಕಾಗಿ ಮಾಡುವ ಖರ್ಚಿನಲ್ಲಿ ಎರಡು ಬಗೆಯಿದೆ. ಒಂದು, ತಾಪ ಏರದಂತೆ ತಡೆಯುವುದು. ಇನ್ನೊಂದು, ಏರಿದ ತಾಪದೊಡನೆ ಬಾಳಲು ಅಣಿಯಾಗುವುದು. ಮೊದಲನೆಯದಕ್ಕೆ ಧಾರಾಳವಾಗಿ ಹಣ ದೊರೆಯುತ್ತಿದೆ. ಹಸಿರು ಹೈಡ್ರೋಜನ್‌ಗೆ 19,744 ಕೋಟಿ, ಮನೆಯ ಮಾಳಿಗೆಗಳಿಗೆ ಸೌರಫಲಕ ಹಾಕುವ ಸೂರ್ಯಘರ್ ಯೋಜನೆಗೆ 75,021 ಕೋಟಿ ರೂಪಾಯಿ. ಇದು ಸಂತೋಷದ ಸಂಗತಿಯೇ. ಇಲ್ಲಿ ಹಾಕಿದ ಬಂಡವಾಳ ಮರಳಿ ಬರುವುದರಿಂದ ಖಾಸಗಿಯವರೂ ಕೈಜೋಡಿಸುತ್ತಾರೆ. ಆದರೆ ಬರ ತಾಳುವ ಬಿತ್ತನೆ ಬೀಜ, ಹೂಳೆತ್ತಿದ ಕೆರೆ, ಬಿಸಿಲಲ್ಲಿ ದುಡಿಯುವವರಿಗೆ ನೆರಳು ಇವುಗಳಿಂದ ಲಾಭ ಎಣಿಸಿಕೊಳ್ಳುವವರು ಯಾರು? ಇವಕ್ಕೆ ಬೊಕ್ಕಸದ ಹೊರತು ಬೇರೆ ಆಸರೆಯಿಲ್ಲ. ಆಸರೆಯಿಲ್ಲದ ಕೆಲಸಕ್ಕೆ ಮೊದಲ ಕೈ ನೀಡುವುದೇ ಅಲ್ಲವೇ ಸರ್ಕಾರವೊಂದು ಇರುವುದರ ಅರ್ಥ?

ಹದಿನೈದನೆಯ ಹಣಕಾಸು ಆಯೋಗವು ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ 20 ಪಾಲನ್ನು ಅಪಾಯ ತಗ್ಗಿಸುವ ಕೆಲಸಕ್ಕೆಂದೇ ಬೇರ್ಪಡಿಸಿತು. ಒಳ್ಳೆಯ ಆರಂಭ. ಉಳಿದುದರಲ್ಲಿ ಬಹುಪಾಲು ಇಂದಿಗೂ ಅನಾಹುತದ ನಂತರದ ಪರಿಹಾರಕ್ಕೇ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ, ಪರಿಹಾರದ ಹಣಕ್ಕಾಗಿ ರಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪರಿಹಾರ ಬೇಡವೆನ್ನುವ ನಿರ್ದಯಿ ಯಾರೂ ಇಲ್ಲ. ಆದರೆ ಕಣ್ಣೀರು ಕಂಡ ಮೇಲೆ ಮಾತ್ರ ಕರಗುವ ಕರುಣೆ ಪೂರ್ಣವಾದೀತೇ? ಒಡೆಯದ ಕಟ್ಟೆಗೆ, ಒಣಗದ ಪೈರಿಗೆ ಸುದ್ದಿಯಿಲ್ಲ, ಉದ್ಘಾಟನೆಯಿಲ್ಲ, ಜೈಕಾರವಿಲ್ಲ. ಬಾರದೆ ಹೋದ ಕೇಡಿಗೆ ಕೃತಜ್ಞರಾಗುವುದನ್ನು ನಾವಿನ್ನೂ ಕಲಿಯಬೇಕಿದೆ.

ಹಿಂದಿನವರಿಗೆ ಈ ವಿವೇಕವಿತ್ತು. ಕೆರೆ ಕಟ್ಟಿಸಿ, ದುರಸ್ತಿ ಮಾಡಿಸಿ, ಅದರ ನಿರ್ವಹಣೆಗೆ ಭೂಮಿಯನ್ನು ಬಿತ್ತುವಟ್ಟವಾಗಿ ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ನಾಡಿನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ದತ್ತಿಗೆ ತಪ್ಪಿದವರಿಗೆ ಶಾಪವನ್ನೂ ಕಲ್ಲಿನಲ್ಲೇ ಕೆತ್ತಿಸುತ್ತಿದ್ದರು. ಮೀಸಲನ್ನು ಮುರಿಯುವ ಆಸೆ ಎಷ್ಟು ಪ್ರಬಲವೆಂದು ಅವರು ಬಲ್ಲರು. ಇಂದು ಆ ಶಾಪದ ಜಾಗದಲ್ಲಿ ನಿಲ್ಲಬೇಕಾದದ್ದು ನಮ್ಮ ಎಚ್ಚರ. ಆಳುವವರು ಬಹುಮಟ್ಟಿಗೆ ನಾವು ಕೇಳಿದ್ದನ್ನೇ ಕೊಡುತ್ತಾರೆ. ಪರಿಹಾರವನ್ನಷ್ಟೇ ಕೇಳಿದರೆ ಪರಿಹಾರವಷ್ಟೇ ದೊರೆತೀತು. ರಕ್ಷಣೆಯನ್ನು ಕೇಳಿ, ಅದಕ್ಕೆಂದು ಇಟ್ಟ ಹಣದ ಲೆಕ್ಕವನ್ನೂ ವರ್ಷವರ್ಷ ಕೇಳಿದರೆ, ಮುಂದಿನವರು ನಮ್ಮನ್ನು ಪೂರ್ವಿಕರೆಂದು ಗೌರವದಿಂದ ಕರೆದಾರು.