ಆರಾಧನೆಗೆ ಹೋಗುವ ದಾರಿಯಲ್ಲಿ

ಲೂಕನ ಸುವಾರ್ತೆ 10ನೇ ಅಧ್ಯಾಯ ತೆರೆಯಿರಿ, 25ರಿಂದ 37ನೇ ವಚನದವರೆಗೆ. ಒಳ್ಳೆಯ ಸಮಾರ್ಯದವನ ಸಾಮ್ಯ. ಸಂಡೇ ಸ್ಕೂಲಿಂದ ಕೇಳಿದ್ದೀವಿ, ಕ್ರಿಸ್ಮಸ್ ಸ್ಟೇಜ್ ಮೇಲೆ ನಾಟಕಾನೂ ಆಡಿದ್ದೀವಿ. ಅದನ್ನ ವಿವರಿಸೋ ಮೊದಲು ನಾನು ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಕಳೆದ ಮಳೆಗಾಲದ ಒಂದು ಭಾನುವಾರ. ಮೊದಲನೇ ಆರಾಧನೆಗೆ ಬರ್ತಿದ್ದೆ. ರಿಂಗ್ ರೋಡ್ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಬ್ಬ ಡೆಲಿವರಿ ಹುಡುಗ ಬೈಕಿಂದ ಬಿದ್ದಿದ್ದ. ಮೊಣಕಾಲು ಹಿಡ್ಕೊಂಡು ಕೂತಿದ್ದ, ರಕ್ತ ಬರ್ತಿತ್ತು. ನಾನು ಕಾರ್ ನಿಧಾನ ಮಾಡಿದೆ. ಅವನು ನನ್ನ ಕಡೆ ನೋಡಿದ. ಮನಸ್ಸಲ್ಲಿ ಮೂರು ಮಾತು ಬಂದವು: ಲೇಟಾಗುತ್ತೆ, ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತೆ, ಯಾರಾದರೂ ಬರ್ತಾರೆ. ಹೊರಟುಬಿಟ್ಟೆ. ಸಭೆಗೆ ಹತ್ತು ನಿಮಿಷ ಮೊದಲೇ ತಲುಪಿದೆ. ಅವತ್ತು ನಾನು ಬೋಧಿಸಿದ್ದು ದೇವರ ಪ್ರೀತಿಯ ಬಗ್ಗೆ. ನೀವೆಲ್ಲ ಆಮೆನ್ ಅಂದ್ರಿ.

ಸಂಜೆ ತಡೆಯಲಾಗದೆ ಅದೇ ಜಾಗಕ್ಕೆ ಹೋಗಿ ಪಕ್ಕದ ಟೀ ಅಂಗಡಿಯವರನ್ನ ಕೇಳಿದೆ. "ಒಬ್ರು ಆಟೋದವ್ರು ಬಾಡಿಗೆ ಬಿಟ್ಟು, ಸೀಟಿಗೆ ಪೇಪರ್ ಹಾಸಿ ಕರ್ಕೊಂಡು ಹೋದ್ರು ಸಾರ್" ಅಂದ್ರು. ಅಷ್ಟೇ ಗೊತ್ತಾಗಿದ್ದು. ಆ ಹುಡುಗ ಹೇಗಿದ್ದಾನೋ ನನಗೆ ಇವತ್ತಿಗೂ ತಿಳಿಯದು. ಆ ಆಟೋದವರು ಯಾವ ದೇವರನ್ನ ನಂಬ್ತಾರೋ ಅದೂ ತಿಳಿಯದು. ಆದರೆ ಆ ಭಾನುವಾರ ಲೂಕ 10ನ್ನು ನಿಜವಾಗಿ ಬೋಧಿಸಿದವರು ಅವರು, ನಾನಲ್ಲ.

ಪ್ರಿಯರೇ, ಸ್ವಾರ್ಥ ಅಂದ್ರೆ ನಮಗೆ ಜಿಪುಣ ನೆನಪಾಗ್ತಾನೆ, ಲಂಚ ತಿನ್ನೋನು ನೆನಪಾಗ್ತಾನೆ. ನಾನು ಅವತ್ತು ಹಣಕ್ಕಾಗಿ ಓಡಲಿಲ್ಲ, ದೇವರ ಸೇವೆಗೇ ಓಡ್ತಿದ್ದೆ. ಹಾಗಾದ್ರೆ ಅದು ಸ್ವಾರ್ಥವಾ? ಹೌದು. ನನ್ನ ಸಮಯ, ನನ್ನ ಪ್ರಸಂಗ, ನನ್ನ ಹೆಸರು, ಇವೆಲ್ಲಕ್ಕೂ ಬಿಳಿ ಅಂಗಿ ತೊಡಿಸಿ ಸೇವೆ ಅಂತ ಕರೆದಿದ್ದೆ.

ವಾಕ್ಯವನ್ನ ಗಮನಿಸಿ. ಯಾಜಕನು ಆ ದಾರಿಯಲ್ಲಿ ಇಳಿದು ಹೋಗ್ತಿದ್ದ ಅಂತ ಲೂಕ ಬರೀತಾನೆ. ಯೆರೂಸಲೇಮು ಬೆಟ್ಟದ ಮೇಲಿದೆ, ಯೆರಿಕೋ ಸುಮಾರು ಒಂದು ಸಾವಿರ ಮೀಟರ್ ಕೆಳಗಿದೆ. ಇಳಿದು ಹೋಗ್ತಿದ್ದ ಅಂದ್ರೆ ಯೆರೂಸಲೇಮನ್ನೂ ದೇವಾಲಯವನ್ನೂ ಹಿಂದೆ ಬಿಟ್ಟು ಹೋಗ್ತಿದ್ದ. ಆರಾಧನೆಗೆ ಲೇಟಾಗುತ್ತೆ ಅನ್ನೋ ನೆಪ ಕೂಡ ಅವನಿಗಿರಲಿಲ್ಲ.

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ದೇವಶಾಸ್ತ್ರ ಕಲಿಯೋ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೀತು, 1973ರಲ್ಲಿ ಪ್ರಕಟವಾಯ್ತು. ಇನ್ನೊಂದು ಕಟ್ಟಡಕ್ಕೆ ಹೋಗಿ ಮಾತಾಡಿ ಅಂತ ಅವರನ್ನ ಕಳಿಸಿದ್ರು. ಕೆಲವರಿಗೆ ಕೊಟ್ಟ ವಿಷಯವೇ ಒಳ್ಳೆಯ ಸಮಾರ್ಯದವನು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೆಮ್ಮುತ್ತಾ ಕೂತಿದ್ದ. ಸಾಕಷ್ಟು ಸಮಯ ಇದೆ ಅಂತ ಹೇಳಿಸಿಕೊಂಡವರಲ್ಲಿ ಶೇ. 63 ಜನ ಸಹಾಯ ಮಾಡಿದ್ರು. ಲೇಟಾಗಿದೆ, ಬೇಗ ಹೋಗಿ ಅಂತ ಹೇಳಿಸಿಕೊಂಡವರಲ್ಲಿ ಬರೀ ಶೇ. 10. ತಲೆಯಲ್ಲಿ ಇದೇ ಸಾಮ್ಯ ಇದ್ದೂ ಕೆಲವರು ಆ ಮನುಷ್ಯನನ್ನ ದಾಟಿ ಹೋದ್ರು. ಓದಿದಾಗ ನನ್ನ ಫೋಟೋ ನೋಡಿದ ಹಾಗಾಯ್ತು.

ಪೊಲೀಸ್ ಭಯದ ವಿಷಯ. ಸುಪ್ರೀಂ ಕೋರ್ಟ್ 2016ರಲ್ಲೇ ಸಹಾಯ ಮಾಡುವವರ ರಕ್ಷಣೆಗೆ ಮಾರ್ಗಸೂಚಿಗಳನ್ನ ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವಿಗೆ ಸದ್ಭಾವದಿಂದ ನೆರವಾದವರನ್ನ ಅದು ಕಾಪಾಡುತ್ತೆ, ಹೆಸರು ವಿಳಾಸ ಹೇಳಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. ಆ ಕಾನೂನು ಅವರನ್ನ ಕರೆಯೋದೇ 'ಗುಡ್ ಸಮಾರಿಟನ್' ಅಂತ. ಸರ್ಕಾರ ಕೂಡ ಯೇಸುವಿನ ಸಾಮ್ಯದ ಹೆಸರನ್ನ ಕಾನೂನಿನಲ್ಲಿ ಬರೆದಿದೆ, ನಾವು ಮಾತ್ರ ಭಯ ಅಂತೀವಿ!

"ಪಾಸ್ಟರ್, ಸಿಕ್ಕಿದವರಿಗೆಲ್ಲ ಸಹಾಯ ಮಾಡ್ತಾ ಹೋದ್ರೆ ನಮ್ಮ ಜೀವನ ಏನಾಗ್ಬೇಕು?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸಮಾರ್ಯದವನನ್ನ ನೋಡಿ. ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ, ತನ್ನ ಪಶುವಿನ ಮೇಲೆ ಅವನನ್ನ ಕೂರಿಸಿ ತಾನು ಇಳಿದ, ಆ ರಾತ್ರಿ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ದಿನದ ಕೂಲಿಯಷ್ಟು ಬೆಳ್ಳಿ ನಾಣ್ಯ ಕೊಟ್ಟು ತನ್ನ ಪ್ರಯಾಣ ಮುಂದುವರಿಸಿದ. ತನ್ನ ಕೆಲಸ ಬಿಡಲಿಲ್ಲ, ಆದರೆ ತನ್ನ ಕೆಲಸವನ್ನ ಒಂದು ದಿನ ಕಾಯಿಸಿದ. ಲೋಕದ ಎಲ್ಲ ಗಾಯ ಕಟ್ಟು ಅಂತ ಕರ್ತನು ನಮಗೆ ಹೇಳ್ತಿಲ್ಲ. ಕಣ್ಣೆದುರು ಬಿದ್ದವನನ್ನ ದಾಟಿ ಹೋಗಬೇಡ ಅಂತ ಹೇಳ್ತಿದ್ದಾನೆ.

ಇದು ಬರೀ ಮನಸ್ಸು ಗಟ್ಟಿ ಮಾಡ್ಕೊಂಡ್ರೆ ಆಗೋ ಕೆಲಸ ಅಲ್ಲ. ನಾವು ಪವಿತ್ರಾತ್ಮನಿಂದ ತುಂಬಿದ ಸಭೆ ಅಂತೀವಿ, ಅನ್ಯಭಾಷೆಗಳಲ್ಲಿ ಪ್ರಾರ್ಥಿಸ್ತೀವಿ, ದೇವರಿಗೆ ಸ್ತೋತ್ರ. ಆದರೆ ಗಲಾತ್ಯ 5ರಲ್ಲಿ ಹೇಳಿರೋ ಆತ್ಮನ ಫಲದಲ್ಲಿ ಮೊದಲನೆಯದು ಪ್ರೀತಿ. ಆ ಫಲ ಹಾಲ್‌ನಲ್ಲಿ ಕೈ ಎತ್ತಿದಾಗ ಕಾಣೋದಕ್ಕಿಂತ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಚೆನ್ನಾಗಿ ಕಾಣುತ್ತೆ.

ಈ ವಾರ ಮೂರು ಕೆಲಸ ಮಾಡಿ. 108 ನಂಬರ್ ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಮನೆಯಿಂದ ಹದಿನೈದು ನಿಮಿಷ ಮುಂಚೆ ಹೊರಡಿ, ಆ ಹದಿನೈದು ನಿಮಿಷ ಅಪರಿಚಿತರದ್ದು ಅಂದ್ಕೊಳ್ಳಿ. ಸಹಾಯ ಮಾಡಿದ್ರೆ ಅದರ ರೀಲ್ ಮಾಡಬೇಡಿ, ಅವರ ಜಾತಿ ಧರ್ಮ ಕೇಳಬೇಡಿ. ಯಾರನ್ನೋ ಆಸ್ಪತ್ರೆಗೆ ಸೇರಿಸಿ ಆರಾಧನೆಗೆ ಲೇಟಾಗಿ ಬಂದ್ರೆ ಸಂಕೋಚ ಬೇಡ. ಬಾಗಿಲಲ್ಲಿ ನಿಲ್ಲೋ ಸಹೋದರರಿಗೆ ಹೇಳಿದ್ದೀನಿ, ನಿಮಗೆ ಮುಂದಿನ ಸಾಲಲ್ಲೇ ಜಾಗ ಕೊಡ್ತಾರೆ. ನಾನೇ ಲೇಟಾಗಿ ಬಂದ್ರೆ, ದಯವಿಟ್ಟು ಇನ್ನೆರಡು ಹಾಡು ಹಾಡ್ತಾ ಕಾಯಿರಿ.

ಪ್ರಾರ್ಥಿಸೋಣ. ಕರ್ತನೇ, ದಾಟಿ ಹೋದ ನನ್ನನ್ನು ಕ್ಷಮಿಸು. ಆ ಹುಡುಗ ಎಲ್ಲೇ ಇರಲಿ, ಅವನನ್ನು ಸ್ವಸ್ಥಪಡಿಸು. ಆ ಆಟೋದವರ ಕುಟುಂಬವನ್ನು ಆಶೀರ್ವದಿಸು. ಮುಂದಿನ ಸಾರಿ ನಿಲ್ಲುವ ಹೃದಯವನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.