ಬೆಂಕಿ ನಿಲ್ಲಿಸುವ ಅಧಿಕಾರ

ಆಳಂದದ ಭೂಸನೂರು, ಅಫಜಲಪುರದ ಹವಳಗಾ, ಹಳೆಯ ಜೇವರ್ಗಿ ತಾಲ್ಲೂಕಿನ ಮಳ್ಳಿ, ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ಹಂಗಾಮು ಶುರುವಾದರೆ ರಸ ಹಿಂಡಿದ ಕಬ್ಬಿನ ಸಿಪ್ಪೆಯೇ ಬಾಯ್ಲರಿಗೆ ಉರುವಲು. ಆ ಬಾಯ್ಲರನ್ನು ನೋಡಿಕೊಳ್ಳುವ ಅಟೆಂಡೆಂಟನ ಹತ್ತಿರ ಸರ್ಕಾರದ ಪರೀಕ್ಷಾ ಮಂಡಳಿ ಕೊಟ್ಟ ಅರ್ಹತಾ ಪತ್ರ ಇರಬೇಕು. ಭೀಮಾ ದಂಡೆಯ ಹೊಲದಲ್ಲಿ ಪಂಪ್‌ಸೆಟ್ ಬಿಚ್ಚಿಕೊಂಡು ಕೂತ ಮೆಕ್ಯಾನಿಕನನ್ನು ಮಾತ್ರ ಯಾರೂ ಕಾಗದ ಕೇಳುವುದಿಲ್ಲ. ಹಾಗಾದರೆ ಮೊದಲನೆಯವನು ಬಲ್ಲವನು, ಎರಡನೆಯವನು ಅಲ್ಲವೇ?

ಹಾಗೆ ಹೇಳಲು ಬರುವುದಿಲ್ಲ. ರೀವೈಂಡಿಂಗ್ ಮಾಡಿದ ಮೋಟರು ಎಂಟು ದಿನದಲ್ಲಿ ಮತ್ತೆ ಸುಟ್ಟರೆ ಸುದ್ದಿ ಸಂತೆಗೆ ಮುಟ್ಟುತ್ತದೆ, ಮುಂದಿನ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ತಪ್ಪು ಬೇಗ ಕಾಣುವ, ನಷ್ಟ ತಡೆದುಕೊಳ್ಳಬಹುದಾದ ಕೆಲಸದಲ್ಲಿ ಊರಿನ ನೆನಪು ಯಾವ ಇಲಾಖೆಯ ಕಡತಕ್ಕೂ ಕಡಿಮೆಯಲ್ಲ.

ಆದರೆ ಅದೇ ಮೆಕ್ಯಾನಿಕ್ ಅರ್ಥಿಂಗ್ ತಂತಿ ಜೋಡಿಸದೆ ಹೋದನೆನ್ನಿ. ಮೋಟರು ಚೆನ್ನಾಗಿಯೇ ಓಡುತ್ತದೆ, ರೈತ ಹೊಗಳುತ್ತಾನೆ. ಮಳೆಗಾಲದಲ್ಲಿ ಒಂದು ದಿನ ಒದ್ದೆ ಕೈ ಸ್ಟಾರ್ಟರ್ ಡಬ್ಬಿಗೆ ತಗಲುವವರೆಗೂ ಆ ತಪ್ಪು ಊರಿಗೆ ತಿಳಿಯುವುದೇ ಇಲ್ಲ. ಇಂಥಲ್ಲಿ ಹೆಸರುವಾಸಿಯನ್ನು ನಂಬಿ ಕೂರಲಾಗದು. ಅದಕ್ಕೇ ವೈರ್‌ಮನ್‌ಗೆ ಪರವಾನಗಿ, ಗುತ್ತಿಗೆದಾರನಿಗೆ ಲೈಸೆನ್ಸ್ ಬೇಕೆಂದು ಕಾನೂನು ಹೇಳುತ್ತದೆ. ಆದರೂ ತಂತಿ ಎಳೆದವನು ಒಬ್ಬ, ಕಾಗದಕ್ಕೆ ಸಹಿ ಹಾಕಿದವನು ಇನ್ನೊಬ್ಬ ಆದರೆ ಲೈಸೆನ್ಸಿದ್ದೂ ಏನು ಬಂತು? ಊರಿನ ಹೊಗಳಿಕೆ ಸೋತ ಜಾಗದಲ್ಲೇ ಸರ್ಕಾರದ ಮುದ್ರೆಯೂ ಸೋಲುತ್ತದೆ. ಮಾಡಿದ ಕೆಲಸವನ್ನು ಎರಡೂ ಹೋಗಿ ನೋಡಿರುವುದಿಲ್ಲ.

ಬಾಯ್ಲರಿನಲ್ಲಿ ಇದು ಇನ್ನೂ ಭಯಂಕರ. ಒತ್ತಡ ಬಿಟ್ಟುಹೋದರೆ ನೀರು ಹಬೆಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಡ್ರಮ್ಮಿನೊಳಗೆ ನೀರೆಷ್ಟಿದೆ ಎಂದು ತೋರಿಸುವುದು ಗೇಜ್ ಗ್ಲಾಸ್. ಅದರ ದಾರಿ ಕಟ್ಟಿಕೊಂಡರೆ ಒಳಗೆ ನೀರಿಲ್ಲದಿದ್ದರೂ ಗಾಜಿನಲ್ಲಿ ನೀರು ನಿಂತೇ ಇರುತ್ತದೆ. ಅದಕ್ಕೇ ಆಗಾಗ ವಾಲ್ವ್ ತೆರೆದು ಅದನ್ನು ಊದಿಸಿ ನೋಡಬೇಕು. ನೀರು ನಿಜಕ್ಕೂ ಕಾಣೆಯಾಗಿದ್ದರೆ ಮೊದಲು ಬೆಂಕಿ ನಿಲ್ಲಿಸಬೇಕು. ಗಾಬರಿಯಲ್ಲಿ ಕೆಂಪಾದ ಲೋಹದ ಮೇಲೆ ನೀರು ಬಿಟ್ಟರೆ ಸಿಡಿಯಬಹುದು. ಪರೀಕ್ಷೆಯಲ್ಲಿ ಇದನ್ನು ಬಾಯಿಪಾಠ ಒಪ್ಪಿಸುವುದು ಸುಲಭ. ರಾತ್ರಿ ಪಾಳಿಯ ಮೂರು ಗಂಟೆಗೆ, ಎಲ್ಲ ಸರಿಯಿದೆ ಎಂದು ಕಾಣುವಾಗಲೂ ಎದ್ದು ಹೋಗಿ ವಾಲ್ವ್ ತೆರೆಯುವ ರೂಢಿಯೇ ಬೇರೆ. ಆ ರೂಢಿ ತಪ್ಪಿದವನಿಗೂ ಹತ್ತು ಹಂಗಾಮು ಏನೂ ಆಗದೆ ಇರಬಹುದು. ಏನೂ ಆಗದಿರುವುದೇ ಅವನ ಅನುಭವವೆಂದು ಲೆಕ್ಕಕ್ಕೆ ಬರುತ್ತದೆ!

ಇಷ್ಟು ಹೇಳಿದ ಮಾತ್ರಕ್ಕೆ ನೋಂದಣಿ ಬೇಡ ಎನ್ನುವವರ ಜತೆ ನಾನಿಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, 1864ರಲ್ಲಿ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. 1923ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆಯಾಯಿತು. 2025ರಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸದನ್ನು ತಂದಿತು. ಇವುಗಳಿಂದ ಉಳಿದ ಜೀವಗಳು ನಿಜ. ಅರ್ಹತಾ ಪತ್ರ ಏನೂ ತಿಳಿಯದವನನ್ನು ಬಾಗಿಲಲ್ಲೇ ತಡೆಯುತ್ತದೆ, ಅನಾಹುತವಾದರೆ ಉತ್ತರ ಕೊಡಬೇಕಾದವನ ಹೆಸರು ಹೇಳುತ್ತದೆ. ಬ್ರಿಟನ್ನಿನಲ್ಲಿ ಮನೆ ಬೆಚ್ಚಗಿಡುವ ಎಣ್ಣೆ ಬಾಯ್ಲರುಗಳ ಮೆಕ್ಯಾನಿಕರಿಗೆ ಆಫ್‌ಟೆಕ್ ಎಂಬ ಸಂಸ್ಥೆಯ ನೋಂದಣಿಯಿದೆ. ಅವರು ಐದು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು. ಕಲಿತದ್ದು ಸವೆಯುತ್ತದೆ ಎಂದು ಒಪ್ಪಿಕೊಂಡ ಏರ್ಪಾಡು ಅದು. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಂತೂ ವರ್ಷದ ಅರ್ಧ ಬಾಯ್ಲರು ತಣ್ಣಗೆ ಬಿದ್ದಿರುತ್ತದೆ, ಕೈಯ ರೂಢಿಯೂ ತಣ್ಣಗಾಗುತ್ತದೆ.

ಆದರೂ ಮರುಪರೀಕ್ಷೆಯೊಂದೇ ಸಾಲದು. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್ ವಿದ್ಯುತ್ ಸ್ಥಾವರದಲ್ಲಿ ಬಾಯ್ಲರ್ ಅವಘಡವಾಗಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಕುಲುಮೆಯ ತಳದಲ್ಲಿ ಬೂದಿ ಕಟ್ಟಿಕೊಂಡಿತ್ತು; ಘಟಕ ನಿಲ್ಲಿಸದೆಯೇ ಅದನ್ನು ತೆಗೆಯುವ ಯತ್ನ ನಡೆದಿತ್ತು. ಅದು ಊರ ಹೊರಗಿನ ಕದ್ದುಮುಚ್ಚಿದ ಶೆಡ್ಡಲ್ಲ, ಕೇಂದ್ರ ಸರ್ಕಾರದ ಎನ್‌ಟಿಪಿಸಿಯ ಸ್ಥಾವರ. ಓದಿದವರಿಗೆ, ಪತ್ರ ಇದ್ದವರಿಗೆ ಅಲ್ಲಿ ಬರ ಇರಲಿಲ್ಲ.

ನಮ್ಮಲ್ಲಿಯೂ ಬಾಯ್ಲರು ನಿಂತರೆ ಗಾಣ ನಿಲ್ಲುತ್ತದೆ. ಗೇಟಿನ ಹೊರಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಸಾಲು, ಒಣಗಿ ತೂಕ ಕಳೆಯುವ ಕಬ್ಬು, ಸಿಟ್ಟಾದ ರೈತರು, ಫೋನಿನ ಮೇಲೆ ಫೋನು ಮಾಡುವ ಮೇಲಿನವರು. ಇದರ ನಡುವೆ ಮುಂದಿನ ಹಂಗಾಮಿಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಹೆದರಿದ ಗುತ್ತಿಗೆಯ ಕೆಲಸಗಾರ ಬೆಂಕಿ ನಿಲ್ಲಿಸುವನೇ? ನಿಲ್ಲಿಸಬೇಕೆಂದು ಅವನಿಗೆ ಗೊತ್ತು, ಪತ್ರವೂ ಅದನ್ನೇ ಹೇಳುತ್ತದೆ. ಗೊತ್ತಿದ್ದನ್ನು ಮಾಡುವ ಧೈರ್ಯವನ್ನು ಪರೀಕ್ಷಾ ಮಂಡಳಿ ಕೊಡಲಾರದು, ಕೆಲಸದ ಕರಾರು ಕೊಡಬಲ್ಲದು. ಆದ್ದರಿಂದ ತಪಾಸಣೆಗೆ ಬಂದ ಅಧಿಕಾರಿ ಗೋಡೆಗೆ ತೂಗುಹಾಕಿದ ಪತ್ರ ನೋಡಿ ಹೋಗದೆ, ಪಾಳಿಯಲ್ಲಿರುವವನಿಂದ ಗೇಜ್ ಗ್ಲಾಸ್ ಊದಿಸಿ ನೋಡಲಿ, ಹಿಂದಿನ ಹಂಗಾಮಿನಲ್ಲಿ ಯಾರನ್ನೂ ಕೇಳದೆ ಬೆಂಕಿ ನಿಲ್ಲಿಸಿದ್ದುಂಟೇ ಎಂದು ವಿಚಾರಿಸಲಿ. ಹಾಗೆ ನಿಲ್ಲಿಸಿದವನನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ಸಾಲು ಅವನ ಕರಾರಿನಲ್ಲಿದೆಯೇ ಎಂದೂ ಓದಲಿ.