ಕರುಣೆಯೂ ಅಪ್ರಮಾದವೂ

ಮೂಗು ಕಟ್ಟಿ, ಹಾಲು ಕುಡಿಯಲಾರದೆ, ಇರುಳೆಲ್ಲ ನರಳುವ ಕೂಸನ್ನು ಮಡಿಲಲ್ಲಿರಿಸಿಕೊಂಡ ತಾಯಿತಂದೆಗಳಿಗೆ ಏನನ್ನಾದರೂ ಮಾಡಲೇಬೇಕೆಂಬ ತವಕ ಹುಟ್ಟುವುದು ಸಹಜವೇ. ಆದರೆ ಆ ತವಕವು ಕೂಸಿನ ಹಿತವನ್ನೇ ನೆನೆದು ಹುಟ್ಟಿತೋ, ಅದರ ಅಳುವನ್ನು ಸಹಿಸಲಾರದ ನಮ್ಮ ಮನಸ್ಸಿನ ಉಪಶಮನಕ್ಕಾಗಿ ಎದ್ದಿತೋ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆಯಾಗಿದೆ.

ಜೈನಾಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ, ಪ್ರಾಣಕ್ಕೊದಗುವ ಹಾನಿಯೊಡನೆ ಅದಕ್ಕೆ ಮೂಲವಾದ ಪ್ರಮಾದವನ್ನೂ, ಎಂದರೆ ಎಚ್ಚರಗೇಡಿತನವನ್ನೂ, ಎತ್ತಿ ಹೇಳುತ್ತದೆ. ದ್ವೇಷವಿಲ್ಲದೆಡೆ ಹಿಂಸೆಯೂ ಇಲ್ಲವೆಂದು ನೆಮ್ಮದಿಯಿಂದಿರುವವರಿಗೆ ಇದು ಗಂಭೀರವಾದ ಎಚ್ಚರಿಕೆ. ಯುಕ್ತಿಯರಿತು ಬಳಸಿದ ವಿಷವೂ ಔಷಧವಾದೀತು, ಯುಕ್ತಿಗೆಟ್ಟು ಬಳಸಿದ ಔಷಧವೂ ವಿಷವಾದೀತು ಎಂಬುದು ಚರಕಸಂಹಿತೆಯ ಅಭಿಪ್ರಾಯವೂ ಹೌದು.

ಈ ಮಾತು ಕೂಸಿಗೆ ಕುಡಿಸುವ ನೆಗಡಿಯ ಔಷಧಕ್ಕೂ ಸಲ್ಲುತ್ತದೆ. ಕಟ್ಟಿದ ಮೂಗನ್ನು ಬಿಡಿಸುವ ಔಷಧಗಳು ಮೂಗಿನ ಒಳಪದರದಲ್ಲಿ ಹಿಗ್ಗಿದ ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತವೆ. ಆದರೆ ಆ ಶಕ್ತಿಯು ಮೂಗಿನಲ್ಲಿಯೇ ನಿಲ್ಲದೆ ಎಳೆಯ ದೇಹವನ್ನೆಲ್ಲ ವ್ಯಾಪಿಸಿ, ಎದೆಬಡಿತವನ್ನು ತೀವ್ರಗೊಳಿಸಿ, ನಿದ್ರೆಯನ್ನು ಕೆಡಿಸಿ, ಪ್ರಮಾಣ ಮೀರಿದಾಗ ಅಪಸ್ಮಾರದಂತಹ ಸೆಳವನ್ನೂ ತರಬಲ್ಲದು. ಇಂಥ ಔಷಧದ ವಿಷಯದಲ್ಲಿಯೇ 2023ರ ಡಿಸೆಂಬರಿನಲ್ಲಿ ಭಾರತದ ಔಷಧ ಮಹಾನಿಯಂತ್ರಕರು, ಅಲರ್ಜಿ ತಗ್ಗಿಸುವ ಕ್ಲೋರ್‌ಫೆನಿರಮೈನ್ ಮತ್ತು ಮೂಗು ಬಿಡಿಸಲೆಂದು ಕೊಡುವ ಫಿನೈಲೆಫ್ರಿನ್ ಬೆರೆತ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಔಷಧದ ಚೀಟಿಯಲ್ಲಿ ಮುದ್ರಿಸಬೇಕೆಂದು ಆದೇಶಿಸಿದರು. ಅದೇ ವರ್ಷ ಅಮೆರಿಕದ ಔಷಧ ಸಲಹಾಮಂಡಲಿಯು, ಬಾಯಿಯ ಮೂಲಕ ಸೇವಿಸಿದ ಫಿನೈಲೆಫ್ರಿನ್ನಿನಿಂದ ಮೂಗು ಬಿಡುವುದೆಂಬುದಕ್ಕೆ ಆಧಾರವಿಲ್ಲವೆಂದು ನಿರ್ಣಯಿಸಿತು. ಫಲವಿಲ್ಲದೆಡೆ ಅಪಾಯವನ್ನು ಮಗುವಿನ ಮೇಲೆ ಹೊರಿಸುವುದು ಯಾವ ವಾತ್ಸಲ್ಯದಿಂದಲೂ ಸಮರ್ಥನೀಯವಾಗದು.

ಸಾಮಾನ್ಯ ನೆಗಡಿಯು 7ರಿಂದ 10 ದಿನಗಳಲ್ಲಿ ಬಹುಮಟ್ಟಿಗೆ ತಾನಾಗಿ ಶಮನವಾಗುವಂಥದು. ಔಷಧದಂಗಡಿಯ ಲವಣಜಲದ ಹನಿಗಳನ್ನು ಮೂಗಿಗೆ ಬಿಟ್ಟು ಕಫವನ್ನು ಮೃದುವಾಗಿ ತೆಗೆಯುವುದು, ಸ್ವಲ್ಪಸ್ವಲ್ಪವಾಗಿ ಮೇಲಿಂದ ಮೇಲೆ ಹಾಲೂಡಿಸುವುದು, ಇವೇ ಶಿಶುವಿಗೆ ಮೊದಲ ಉಪಚಾರ. ದೊಡ್ಡ ಮಗುವಿಗೆ ವೈದ್ಯರೇ ಔಷಧವನ್ನು ವಿಧಿಸಿದಲ್ಲಿ, ಅದನ್ನು ಅಡುಗೆಮನೆಯ ಚಮಚದಿಂದಲ್ಲದೆ ಶೀಶೆಯೊಡನೆ ಬಂದ ಅಳತೆಯಿಂದಲೇ ಕೊಡತಕ್ಕದ್ದು; ಒಂದೇ ದ್ರವ್ಯವುಳ್ಳ ಎರಡು ಸಿರಪ್ಪುಗಳನ್ನು ಕೂಡಿಸಕೂಡದು; ಹಿರಿಯರಿಗೆಂದು ತಂದುದನ್ನು ಅಂದಾಜಿನಿಂದ ತಗ್ಗಿಸಿ ಕುಡಿಸಕೂಡದು.

ಹಾಗೆಂದು ಸುಮ್ಮನಿರುವುದೆಲ್ಲವೂ ಸಂಯಮವಲ್ಲ. ಉಸಿರೆಳೆವಾಗ ಪಕ್ಕೆ ಒಳಸೇದಿದರೆ, ತುಟಿ ನೀಲಿಗಟ್ಟಿದರೆ, ಕೂಸು ಹಾಲನ್ನೇ ತೊರೆದರೆ, 3 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಚೀಟಿಯನ್ನೋದದೆ ಕುಡಿಸಿದವನೂ ಮಗುವಿನ ಉಸಿರನ್ನು ಗಮನಿಸದೆ ಕಾದವನೂ ಒಂದೇ ಪ್ರಮಾದಕ್ಕೆ ಭಾಗಿಗಳು. ಕೊಡುವುದರಲ್ಲಿಯೂ ಕೊಡದಿರುವುದರಲ್ಲಿಯೂ ಸಮಾನವಾಗಿ ಎಚ್ಚೆತ್ತಿರುವ ಪ್ರೀತಿಯೇ ಅಹಿಂಸೆಯೆನಿಸಿಕೊಳ್ಳಲು ಅರ್ಹವಾದುದು.